ಹೊಟ್ಟೆ ಎಳೆದ ಗೆರೆ

ಬೆಲ್ಲದ ಸುದ್ದಿ ಕೇಳಿದ್ದೇ ತಡ, ರೋಗದಿಂದ ಹಿಂಗಾಲು ಸೋತಿದ್ದ ಇರುವೆಯೂ ಗೂಡಿನಿಂದ ಹೊರಬಿತ್ತು. ನಡೆಯಲಾರದವರನ್ನು ಬಾಯಲ್ಲಿ ಕಚ್ಚಿ ಹೊತ್ತೊಯ್ಯುವುದು ಇರುವೆಗಳಲ್ಲಿ ವಾಡಿಕೆ. ದಪ್ಪ ತಲೆಯ ತಂಗಿ ಇರುವೆ ಓಡಿಬಂದು ಅದನ್ನು ಎತ್ತಿಕೊಂಡಿತು.

"ಇಳಿಸು!"

"ಅಕ್ಕಾ, ನೀನು ಗೂಡಿನಲ್ಲಿರು. ನಿನ್ನ ಪಾಲು ನಿನ್ನ ಬಾಯಿಗೇ ತಂದು ಕೊಡುತ್ತೇವೆ."

"ನನ್ನ ಬಾಯಿ ನೆಟ್ಟಗಿದೆ, ಅದೇ ಹೋಗಿ ಕಚ್ಚಲಿ. ಇಳಿಸು ಅಂದೆ!"

ತಂಗಿ ಇಳಿಸಿತು. ಅಕ್ಕ ಮುಂಗಾಲು ಊರಿ, ಹೊಟ್ಟೆಯನ್ನು ನೆಲಕ್ಕೆ ಉಜ್ಜಿ ಎಳೆಯುತ್ತಾ, ಎಲ್ಲರಿಗಿಂತ ಕೊನೆಗೆ ಬೆಲ್ಲ ಮುಟ್ಟಿತು.

ಅಷ್ಟರಲ್ಲಿ ಗಾಳಿ ಎದ್ದಿತು. ಇರುವೆಗಳು ಹೊಟ್ಟೆ ತಾಕಿಸುತ್ತಾ ಬಿಟ್ಟುಬಂದಿದ್ದ ವಾಸನೆಯ ಜಾಡು ಧೂಳಿನೊಂದಿಗೆ ಹಾರಿಹೋಯಿತು. ಬೆಲ್ಲ ಹೊತ್ತ ದಂಡು ಗೂಡು ಯಾವ ಕಡೆ ಎಂದು ತಿಳಿಯದೆ ಗಿರಗಿರನೆ ಸುತ್ತಿತು.

"ಇಲ್ಲಿದೆ! ಇದೊಂದು ಜಾಡು ಅಳಿಸಿಹೋಗಿಲ್ಲ!" ತಂಗಿ ಕೂಗಿತು. ಮಣ್ಣಿನಲ್ಲಿ ಕೊರೆದಂಥ ಗೆರೆಯೊಂದು ಗೂಡಿನತ್ತ ಹೋಗಿತ್ತು. "ಅಕ್ಕಾ, ಇದು ನಿನ್ನದು! ಬಾ, ನಿನ್ನನ್ನು ಹೊತ್ತು ಮೆರೆಸುತ್ತೇವೆ!"

ಅಕ್ಕ ಬಾಯಿಯ ಬೆಲ್ಲ ಕೆಳಗಿಟ್ಟಿತು.

"ಮತ್ತೆ ಎತ್ತುವ ಮಾತೇ? ದಾರಿ ಬಿಡು! ಇದನ್ನು ಗೂಡಿನಲ್ಲಿ ಇಟ್ಟು ಇನ್ನೊಂದು ಚೂರಿಗೆ ಬರಬೇಕು."