ಮಡಿವಾಳಗಿತ್ತಿಯ ಕಳವು

"ಗುರುಗಳೇ, ನನ್ನ ಅಣ್ಣ ಹಳ್ಳದ ಪಾತ್ರದಲ್ಲೇ ಮನೆ ಕಟ್ಟುತ್ತಿದ್ದಾನೆ. ಬೇಡವೆಂದು ಹೇಳಿದೆ, ಕೇಳಲಿಲ್ಲ. ಹೇಳಿದ ಮೇಲೆ ನನ್ನ ಕರ್ತವ್ಯ ಮುಗಿಯಿತಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಹಿಂದೆ ಎರಡು ಬೆಟ್ಟಗಳ ನಡುವೆ, ನದಿಯ ದಡದಲ್ಲಿ ಒಂದು ಊರಿತ್ತು. ಒಂದು ಮುಂಜಾನೆ ಭೂಮಿ ನಡುಗಿತು. ಗೋಡೆಗಳು ಬಿರುಕು ಬಿಟ್ಟವು, ಸೂರಿನ ಮಣ್ಣು ಉದುರಿತು; ಆದರೆ ಒಂದು ಮನೆಯೂ ಬೀಳಲಿಲ್ಲ. ಬದುಕಿದೆವೆಂದು ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾಳೆಯೇ ಊರದೇವಿಗೆ ಹಬ್ಬ ಮಾಡುವುದೆಂದು ನಿಶ್ಚಯಿಸಿ, ಮಣ್ಣು ಹಿಡಿದ ಬಟ್ಟೆಗಳನ್ನೆಲ್ಲ ಮಡಿವಾಳಗಿತ್ತಿಗೆ ಕೊಟ್ಟರು.

ಅವಳು ಕತ್ತೆಗಳ ಮೇಲೆ ಗಂಟು ಹೇರಿಕೊಂಡು ನದಿಗೆ ಬಂದಳು. ಮೊದಲ ಸೀರೆ ಅದ್ದುವಷ್ಟರಲ್ಲಿ ನೀರು ಮೊಣಕಾಲಿನಿಂದ ಪಾದಕ್ಕಿಳಿಯಿತು. ನೋಡನೋಡುತ್ತ ನದಿಯೇ ಬತ್ತಿತು. ಮರಳಿನ ಮೇಲೆ ಮೀನುಗಳು ಪಟಪಟನೆ ಬಡಿದುಕೊಂಡವು. ಸುದ್ದಿ ಹಬ್ಬಿ ಊರವರು ಬುಟ್ಟಿ ಹಿಡಿದು ಓಡಿಬಂದರು. ಹಬ್ಬಕ್ಕೆ ದೇವಿಯೇ ಕೊಟ್ಟಳೆಂದು ನಗುತ್ತ, ಜಾರಿ ಬೀಳುತ್ತ, ಮೀನು ತುಂಬಿಕೊಂಡರು.

ಮಡಿವಾಳಗಿತ್ತಿ ಮಾತ್ರ ನೀರು ಹುಡುಕಿಕೊಂಡು ಮೇಲಕ್ಕೆ ನಡೆದಳು. ಒಂದು ಹರಿದಾರಿ ಹೋದಾಗ ಕಂಡಿತು. ಬೆಳಗಿನ ಕಂಪನಕ್ಕೆ ಬೆಟ್ಟದ ಒಂದು ಮಗ್ಗುಲೇ ಕುಸಿದು ಕಣಿವೆಗೆ ಅಡ್ಡ ಬಿದ್ದಿತ್ತು. ಹತ್ತಿ ನೋಡಿದಳು. ಆಚೆ ನದಿ ಕೆರೆಯಾಗಿ ಏರುತ್ತಿತ್ತು. ಈಚೆ ಮಣ್ಣಿನಿಂದ ನೀರು ಜಿನುಗುತ್ತಿತ್ತು.

ಅವಳು ಓಡೋಡಿ ಬಂದು ಊರ ಯಜಮಾನನಿಗೆ ಹೇಳಿದಳು: "ಒಡೆಯಾ, ಆ ಮಣ್ಣು ಸಂಜೆಯವರೆಗೂ ತಡೆಯುವುದಿಲ್ಲ. ಎಲ್ಲರನ್ನೂ ಬೆಟ್ಟ ಹತ್ತಿಸಿ."

"ಭೂಮಿ ನಡುಗಿದರೂ ಬೀಳದ ಊರು ಇದು. ನೀನು ಹೋಗಿ ಬಟ್ಟೆ ಒಗೆ" ಎಂದ ಯಜಮಾನ.

ಯಾವ ನೀರಿನಲ್ಲಿ ಎಂದು ಅವಳು ಕೇಳಲಿಲ್ಲ. ಊರಿನ ಬಟ್ಟೆಗಳನ್ನೆಲ್ಲ ಮತ್ತೆ ಕತ್ತೆಗಳ ಮೇಲೆ ಹೇರಿ, ನಡುಬೀದಿಯಲ್ಲೇ, ಎಲ್ಲರ ಕಣ್ಣೆದುರು ಬೆಟ್ಟದ ದಾರಿ ಹಿಡಿದಳು. "ತಮ್ಮ ತಮ್ಮದನ್ನು ತಾವೇ ಬಂದು ಒಯ್ಯಿರಿ. ಬಾರದವರ ಬಟ್ಟೆ ನನ್ನದು" ಎಂದು ಕೂಗುತ್ತ ಹೋದಳು.

ಊರೇ ಕೆರಳಿತು. ಗಂಡಸರು ದೊಣ್ಣೆ ಹಿಡಿದು ಹೊರಟರು. ತಮ್ಮ ಮದುವೆಯ ಸೀರೆ ಇನ್ನೊಬ್ಬರ ಪಾಲಾದೀತೆಂದು ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಹಿಂದೆಯೇ ಹತ್ತಿದರು. "ಒಂದು ಪಂಚೆಗಾಗಿ ಬಡವಳೊಡನೆ ಜಗಳವೇಕೆ" ಎಂದು ಒಬ್ಬ ಮುದುಕ ಮಾತ್ರ ಮನೆಯಲ್ಲೇ ಉಳಿದ. ಒಳ್ಳೆಯ ಮನುಷ್ಯ.

ಬೆಟ್ಟದ ನೆತ್ತಿಯಲ್ಲಿ ಯಜಮಾನ ಏದುಸಿರು ಬಿಡುತ್ತ ಅವಳ ತೋಳು ಹಿಡಿದ. ಹೊಡೆಯಲು ಕೈ ಎತ್ತಿದ. ಅಷ್ಟರಲ್ಲಿ ಕಣಿವೆಯ ಮೇಲಿನಿಂದ ಸದ್ದು ಬಂತು. ನೀರು, ಮಣ್ಣು, ಬಂಡೆ ಒಟ್ಟಾಗಿ ಇಳಿದವು. ಗುಡಿ ಹೋಯಿತು, ಕಣಜಗಳು ಹೋದವು. ಹತ್ತು ತಲೆಮಾರಿನ ಊರು ಎಲ್ಲಿತ್ತೆಂಬ ಗುರುತೂ ಉಳಿಯಲಿಲ್ಲ. ಜನ ತಮ್ಮ ಬಟ್ಟೆಗಳನ್ನು ಎದೆಗವಚಿಕೊಂಡು ನಿಂತಿದ್ದರು. ಮುದುಕನ ಪಂಚೆಯನ್ನು ಮಡಿಸುತ್ತ ಮಡಿವಾಳಗಿತ್ತಿ ಅಳುತ್ತಿದ್ದಳು.

ಗುರುಗಳು ನಿಲ್ಲಿಸಿದರು. ಶಿಷ್ಯ, "ಆದರೂ ನಂಬಿ ಕೊಟ್ಟದ್ದನ್ನು ಹೊತ್ತೊಯ್ದದ್ದು ಕಳವಲ್ಲವೇ?" ಎಂದ.

"ಕಳವೇ" ಎಂದರು ಗುರುಗಳು. "ಹೇಳಿ ಸುಮ್ಮನಾಗಿದ್ದರೆ ಅವಳ ಮೇಲೆ ಯಾವ ತಪ್ಪೂ ಇರುತ್ತಿರಲಿಲ್ಲ, ಬೆಟ್ಟದ ಮೇಲೆ ಅವಳ ಜೊತೆ ಯಾರೂ ಇರುತ್ತಿರಲಿಲ್ಲ."