ತೂಬಿನ ಬಾಯಿಯ ಹೂಳು

"ಗುರುಗಳೇ, ಸಂಖ್ಯೆಯನ್ನು ನಂಬಬಹುದೇ?" ಎಂದು ತಿಪ್ಪೇಶ ಕೇಳಿದ.

ಅವನು ಸಾಫ್ಟ್‌ವೇರ್ ಬರೆಯುವ ಹನ್ನೊಂದು ಜನರ ಮೇಲ್ವಿಚಾರಕ. ವಾರಕ್ಕೆ ಯಾರು ಎಷ್ಟು ಕೆಲಸ ಮುಗಿಸಿದರು ಎಂದು ಪಟ್ಟಿ ಮಾಡಿ ಮೇಲಿನವರಿಗೆ ಕಳಿಸುವುದರಲ್ಲೇ ಅವನ ದಿನಗಳು ಸವೆಯುತ್ತಿದ್ದವು.

"ಪಟ್ಟಿಯಲ್ಲಿ ವಾರಿಜಾ ಎಂಬವಳು ಕೊನೆಯವಳು. ಬೇರೆ ಯಾರೂ ಮುಟ್ಟದ ಹಳೆಯ ದೋಷಗಳನ್ನು ಅವಳು ಸರಿಪಡಿಸುತ್ತಾಳೆ. ತಿಂಗಳಿಗೆ ಎರಡೋ ಮೂರೋ ಆಗುತ್ತದೆ. ಕೊನೆಯವರನ್ನು ಕೆಲಸದಿಂದ ತೆಗೆಯಬೇಕಂತೆ. ಸೋಮವಾರ ನಾನು ಹೆಸರು ಬರೆದುಕೊಡಬೇಕು. ಸಾಕಾಗಿದೆ ನನಗೆ."

ಗುರುಗಳು ನಿಟ್ಟುಸಿರು ಬಿಟ್ಟರು. ಇಂಥದನ್ನು ಕೇಳಿ ಕೇಳಿ ಅವರಿಗೂ ಸಾಕಾಗಿತ್ತು. "ಕೂತುಕೋ" ಎಂದು ಹೇಳತೊಡಗಿದರು.

ಒಂದು ಊರಿನ ಕೆರೆಯಲ್ಲಿ ಹೂಳು ತುಂಬಿತ್ತು. ಮಳೆಗಾಲಕ್ಕೆ ಮೊದಲು ಅದನ್ನು ತೆಗೆಸಬೇಕೆಂದು ಯಜಮಾನ ಆಳುಗಳನ್ನು ಹಚ್ಚಿದ. ದಿನವಿಡೀ ಬಿಸಿಲಲ್ಲಿ ನಿಂತು ನೋಡುವುದು ಅವನಿಂದ ಆಗದ ಮಾತು. ಒಬ್ಬೊಬ್ಬರಿಗೂ ಒಂದು ಕುಡಿಕೆ ಕೊಟ್ಟು, ಬುಟ್ಟಿ ಮಣ್ಣಿಗೊಂದು ಹುಣಸೆ ಬೀಜ ಹಾಕಿಕೊಳ್ಳಿ ಎಂದ. ಸಂಜೆ ಬಂದು ಬೀಜ ಎಣಿಸಿದರೆ ಮುಗಿಯಿತು. ಉಪಾಯವೇನೋ ಚೆನ್ನಾಗಿಯೇ ಇತ್ತು.

ಕೆರೆಯ ನಡುವಿನ ಹೂಳು ಅಂಟು, ಹೊರುವ ದಾರಿಯೂ ದೂರ. ಏರಿಯ ಮಣ್ಣು ಸಡಿಲ, ಕೈಗೆ ಹತ್ತಿರ. ಆಳುಗಳು ಏರಿಯ ಬುಡವನ್ನೇ ಅಗೆದು ಬುಟ್ಟಿ ತುಂಬಿದರು. ಅವರೇನು ಕೆಟ್ಟವರಲ್ಲ. ಕೇಳಿದ್ದನ್ನು ಕೊಟ್ಟರು, ಅಷ್ಟೆ.

ಒಬ್ಬ ಮುದುಕ ಮಾತ್ರ ನೀರು ಹೊರಬಿಡುವ ತೂಬಿನ ಬಾಯಲ್ಲಿ ಸೊಂಟದವರೆಗೆ ಕೆಸರಲ್ಲಿ ನಿಂತು ಅಗೆಯುತ್ತಿದ್ದ. ಅವನ ಕುಡಿಕೆ ನೋಡಿ ಯಜಮಾನನಿಗೆ ಸಿಟ್ಟು ಬಂತು.

"ಏನಯ್ಯಾ, ಮೂರೇ ಬೀಜ? ನಿದ್ದೆ ಮಾಡ್ತಿದ್ಯಾ?"

"ತೂಬಿನ ಬಾಯಲ್ಲಿ ಹೂಳು ಕಲ್ಲಾಗಿ ಕೂತೈತೆ ಯಜಮಾನ್ರೇ. ಒಂದ್ ಬುಟ್ಟಿ ಕೀಳೋ ಹೊತ್ಗೆ ಜೀವ ಹೋಗ್ತದೆ. ಬಿಟ್ರೆ ತೂಬು ತೆರೆಯಾಕಿಲ್ಲ."

"ಆ ಪುರಾಣ ಬೇಡ. ನಾಳೆಯೂ ಮೂರೇ ಇದ್ರೆ ಮನೇಲೇ ಇರು."

ಮರುದಿನ ಮುದುಕನೂ ಗುದ್ದಲಿ ಎತ್ತಿಕೊಂಡು ಏರಿಗೆ ಬಂದ. ಸಂಜೆಗೆ ಅವನ ಕುಡಿಕೆಯಲ್ಲಿ ನಲವತ್ತು ಬೀಜ. ಯಜಮಾನ ಎಲ್ಲರೆದುರು ಅವನ ಬೆನ್ನು ತಟ್ಟಿದ. ಮುದುಕ ನಾಚಿಕೆಯಿಂದ ತಲೆ ಎತ್ತಲಿಲ್ಲ.

ಮಳೆ ಬಂತು. ಕೆರೆ ತುಂಬಿತು. ನೀರು ಬಿಡೋಣವೆಂದರೆ ತೂಬು ಕಟ್ಟಿಕೊಂಡಿತ್ತು. ತೆಳ್ಳಗಾದ ಏರಿ ಎರಡು ದಿನ ತಡೆದು ಮೂರನೆಯ ದಿನ ಒಡೆಯಿತು. ಮೊದಲು ಕೊಚ್ಚಿಹೋದದ್ದು ಏರಿಯ ಕೆಳಗಿದ್ದ ಆಳುಗಳ ಗುಡಿಸಲುಗಳು. ಮುದುಕನೂ ಉಳಿಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ತಿಪ್ಪೇಶನಿಗೆ ತಡೆಯಲಾಗಲಿಲ್ಲ.

"ದಿನಾ ಸಂಜೆ ಬಂದು ಹೋಗುತ್ತಿದ್ದನಲ್ಲ ಆ ಯಜಮಾನ? ಏರಿ ಕರಗುತ್ತಿರುವುದು ಅವನಿಗೆ ಗೊತ್ತೇ ಇರಲಿಲ್ಲವೇ?"

"ನಿನಗೆ ಗೊತ್ತಿರುವಷ್ಟು ಅವನಿಗೂ ಗೊತ್ತಿತ್ತು" ಎಂದರು ಗುರುಗಳು.