ಒಂದೇ ಅಚ್ಚಿನ ನಾಲಿಗೆಗಳು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಹುಟ್ಟುವ ಪ್ರತಿ ಜೀವಕ್ಕೂ ನಾಲಿಗೆ, ಹೊಟ್ಟೆ ಮಾಡಿಕೊಡುತ್ತಿದ್ದವಳು ಕುಂಬಾರಗಿತ್ತಿ ಸಣ್ಣೀರಜ್ಜಿ.

ನಾಲಿಗೆಗೊಂದು ಅಚ್ಚು, ಹೊಟ್ಟೆಗೊಂದು ಅಚ್ಚು. ಮಣ್ಣು ಒತ್ತು, ನಾಲಿಗೆ ತೆಗೆ. ಮಣ್ಣು ಒತ್ತು, ಹೊಟ್ಟೆ ತೆಗೆ. ಕೆಲಸ ಬೇಗ, ಮಣ್ಣೂ ಹಾಳಾಗುವುದಿಲ್ಲ. ತನ್ನ ಅಚ್ಚುಗಳ ಮೇಲೆ ಅಜ್ಜಿಗೆ ಭಾರಿ ಹೆಮ್ಮೆ.

ಆದರೆ ಎಲ್ಲರ ರುಚಿಯೂ ಒಂದೇ ಆಯಿತು. ಆನೆಗೂ ಜೇನೇ ಬೇಕು, ಇರುವೆಗೂ ಜೇನೇ ಬೇಕು, ಮನುಷ್ಯರಿಗಂತೂ ಜೇನೇ ಬೇಕು.

ಒಂದು ಬೆಳಿಗ್ಗೆ ರಾಣಿಜೇನು ಬಂದು ಅಜ್ಜಿಯ ತಿಗರಿಯ ಮೇಲೆ ಕೂತಳು.

“ಅಜ್ಜೀ, ಗೂಡಿನಲ್ಲಿ ಒಂದು ಹನಿಯನ್ನೂ ಉಳಿಸುತ್ತಿಲ್ಲ. ನಾವು ಹೊರಟೆವು.”

“ಎಲ್ಲಿಗೇ?”

“ನಾಲಿಗೆಯೇ ಇಲ್ಲದ ಲೋಕಕ್ಕೆ!”

ಅಜ್ಜಿ ಮಣ್ಣು ಒತ್ತುವುದನ್ನು ನಿಲ್ಲಿಸಿದಳು. ಜೇನು ಹೋದರೆ ಹೂವು ಕಾಯಾಗುವುದಿಲ್ಲ. ಕಾಯಿಲ್ಲದಿದ್ದರೆ ಲೋಕವೇ ಉಪವಾಸ.

ಬೇಲಿಯ ಮೇಲಿದ್ದ ಹಾಗಲಬಳ್ಳಿ ಮೂತಿ ತಿರುವಿತು. “ನನ್ನ ಕಾಯಿ ಮೂಸುವವರೂ ಇಲ್ಲ.”

ಗಾಳಿ ನಕ್ಕಿತು. “ಊರೆಲ್ಲ ಒಂದೇ ಅಂಗಡಿಗೆ ಮುಗಿಬಿದ್ದರೆ ಮಿಕ್ಕವರು ನೊಣ ಹೊಡೆಯಬೇಕು! ತಪ್ಪು ನಿನ್ನ ಅಚ್ಚಿನದು, ಮುದುಕಿ.”

ಅಜ್ಜಿಗೆ ಸಿಟ್ಟು ಬಂತು. ಯೋಚಿಸಿದಳು. ಗಾಳಿ ಹೇಳಿದ್ದು ಸರಿಯೇ. ಎರಡೂ ಅಚ್ಚುಗಳನ್ನು ಎತ್ತಿ ಕಲ್ಲಿಗೆ ಅಪ್ಪಳಿಸಿದಳು. “ಇವತ್ತೊಂದು ದಿನ ನಿಲ್ಲೇ, ರಾಣಿ.”

ಅಷ್ಟರಲ್ಲಿ ಕೆಂಚವ್ವ, ಮಾರ ಗಂಡಹೆಂಡತಿ ಆಗತಾನೇ ಹುಟ್ಟಿದ ಅವಳಿ ಕೂಸುಗಳನ್ನು, ಒಂದು ಹೆಣ್ಣು ಒಂದು ಗಂಡು, ನಾಲಿಗೆ, ಹೊಟ್ಟೆ ಮಾಡಿಸಲು ಎತ್ತಿಕೊಂಡು ಬಂದರು.

“ಕೆಂಚೀ, ನಿನ್ನ ತವರಿನ ಕೆಂಪು ಮಣ್ಣು ಒಂದು ಹಿಡಿ ತರಿಸೇ. ಮಾರಾ, ನಿನ್ನ ಹಟ್ಟಿಯ ಕಪ್ಪು ಮಣ್ಣು ತಾರೋ.”

ಬಂದ ಮಣ್ಣನ್ನು ಅಜ್ಜಿ ಅಳೆಯಲಿಲ್ಲ. ಎರಡರಲ್ಲೂ ಕೈಗೆ ಬಂದಷ್ಟು ತೆಗೆದು ಕಲಸಿ, ಅಚ್ಚಿಲ್ಲದೆ ಕೈಯಲ್ಲೇ ಇಬ್ಬರಿಗೂ ನಾಲಿಗೆ, ಹೊಟ್ಟೆ ತಟ್ಟಿದಳು. ಹುಡುಗಿಯ ಪಾಲಿಗೆ ಕೆಂಪು ಜಾಸ್ತಿ ಬಂತು, ಹುಡುಗನ ಪಾಲಿಗೆ ಕಪ್ಪು.

ಹುಡುಗಿಯ ಬಾಯಿಗೆ ಜೇನು ಸವರಿದರು. ಥೂ ಎಂದು ಉಗುಳಿತು. ಹಾಗಲಕಾಯಿ ಕೊಟ್ಟರು. ಚೀಪಿ ಚೀಪಿ ಕೇಕೆ ಹಾಕಿತು! ಹುಡುಗ ಮಾತ್ರ ಹಾಗಲಕ್ಕೆ ಮುಖ ಕಿವುಚಿ, ರಾಗಿಗಂಜಿಗೆ ಬಾಯಿ ತೆರೆದ.

“ನನಗೂ ಗಿರಾಕಿ ಬಂತು!” ಎಂದು ಬಳ್ಳಿ ಬೇಲಿಯ ತುಂಬ ಕುಣಿಯಿತು.

ರಾಣಿಜೇನು ರೆಕ್ಕೆ ಮಡಿಚಿದಳು. “ಇಂಥವರು ಹುಟ್ಟುವುದಾದರೆ ನಾವು ಎಲ್ಲಿಗೂ ಹೋಗುವುದಿಲ್ಲ.”

ಕೆಲವು ತಿಂಗಳ ಮೇಲೆ ಕೆಂಚವ್ವ ದೂರು ತಂದಳು. “ಅಜ್ಜೀ, ಇಬ್ಬರಿಗೂ ಅಷ್ಟಷ್ಟೇ ಉಣಿಸ್ತೀನಿ. ಇವಳು ಕಡ್ಡಿ, ಇವನು ಕುಂಬಳಕಾಯಿ! ಹೊಟ್ಟೆಗಳನ್ನಾದರೂ ಒಂದೇ ಥರ ಮಾಡಿಕೊಡು.”

“ಹಾಗೆ ಮಾಡಿಯೇ ಲೋಕ ಕೆಡಿಸಿದ್ದೆ ಕಣೇ! ಇವಳ ಹೊಟ್ಟೆ ಒಲೆ. ಹಾಕಿದ್ದೆಲ್ಲ ಉರಿಸುತ್ತೆ, ಹೊತ್ತುಹೊತ್ತಿಗೆ ಹಾಕು. ಇವನದು ಕಣಜ. ಹಾಕಿದ್ದನ್ನು ಕೂಡಿಡುತ್ತೆ, ತುಪ್ಪ ಕೈ ಬಿಗಿಹಿಡಿದು ಬಡಿಸು, ಆಡೋಕೆ ಬಿಡು. ಹೊಟ್ಟೆ ನೋಡಿ ಬಡಿಸಿದರೆ ಇಬ್ಬರೂ ಗಟ್ಟಿಮುಟ್ಟಾಗಿರ್ತಾರೆ.”

ಅವತ್ತಿನಿಂದ ಮಕ್ಕಳೆಲ್ಲ ಅಮ್ಮನ ಮಣ್ಣು ಒಂದಿಷ್ಟು, ಅಪ್ಪನ ಮಣ್ಣು ಒಂದಿಷ್ಟು ಹೊತ್ತುಕೊಂಡೇ ಹುಟ್ಟುತ್ತಾರೆ. ಅದಕ್ಕೇ ಇವತ್ತಿಗೂ ಊಟಕ್ಕೆ ಕೂತಾಗ ಅಕ್ಕ “ಹಾಗಲಕಾಯಿ ಗೊಜ್ಜು ಇನ್ನೊಂದು ಸೌಟು” ಎಂದು ತಟ್ಟೆ ಚಾಚಿದರೆ, ಪಕ್ಕದಲ್ಲೇ ತಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರುತ್ತಾನೆ.